ಮೂರು ತೂತಿಗೆ ಒಂದು ‘ಯು’: ಸರ್ವರ್ ರ‍್ಯಾಕಿನ ಎತ್ತರದ ಲೆಕ್ಕ

ಓದುಗರ ಪ್ರಶ್ನೆ, ತಜ್ಞರ ಉತ್ತರ

ಸರ್ವರ್, ಸ್ವಿಚ್, ಯುಪಿಎಸ್‌ಗಳ ಮೇಲೆ 1ಯು, 2ಯು, 42ಯು ಎಂದು ಬರೆದಿರುತ್ತದಲ್ಲ, ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಆ ಅಳತೆಯ ಬಗ್ಗೆಯೇ ಕೇಳಿವೆ. ಈ ಯಂತ್ರಗಳನ್ನು ಒಂದರ ಮೇಲೊಂದು ಕೂರಿಸುವ ಕಬ್ಬಿಣದ ಕಪಾಟೇ ರ‍್ಯಾಕ್, ಅದರ ಒಂದು ಖಾನೆಯ ಎತ್ತರವೇ ಒಂದು ‘ಯು’ (ಯೂನಿಟ್). ಮುಂಬಯಿ, ಪುಣೆ, ಗೋವಾ ಮೂರೂ ಕಡೆಯಿಂದ ಪತ್ರ ಬಂದಿವೆ. ಒಂದೇ ಬಗೆಯವನ್ನು ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಐರೋಳಿಯ ಒಂದು ಡೇಟಾ ಸೆಂಟರ್‌ನಲ್ಲಿ ಈಚೆಗೆ ಕೆಲಸಕ್ಕೆ ಸೇರಿದ್ದೇನೆ. 1ಯು ಅಂದರೆ 44.45 ಮಿ.ಮೀ. ಎಂದು ಹೇಳಿಕೊಟ್ಟರು. ಹಾಗಾದರೆ 42ಯು ರ‍್ಯಾಕ್ 1867 ಮಿ.ಮೀ. ಇರಬೇಕು, ಟೇಪ್ ಹಿಡಿದರೆ ಎರಡು ಮೀಟರ್ ಹತ್ತಿರ ಹೋಗುತ್ತದೆ. 2ಯು ಸರ್ವರ್ 88.9 ಇರಬೇಕಾದ್ದು 87 ಇದೆ. ಯಾವುದನ್ನು ನಂಬಲಿ? – ಡೊಂಬಿವಲಿಯ ಓದುಗ

ಮೂರನ್ನೂ ನಂಬಬಹುದು. ಯು ಅನ್ನುವುದು ಖಾನೆಯ ಅಳತೆ. ಒಳಗೆ ಕೂರುವ ಪೆಟ್ಟಿಗೆ ಖಾನೆಗಿಂತ ಸ್ವಲ್ಪ ಗಿಡ್ಡ, ಖಾನೆಗಳನ್ನೆಲ್ಲ ಹೊತ್ತ ಕಪಾಟು ಸ್ವಲ್ಪ ಎತ್ತರ.

1ಯು ಎಂದರೆ ಒಂದೂಮುಕ್ಕಾಲು ಇಂಚು, ಅಂದರೆ 44.45 ಮಿ.ಮೀ. ಇದನ್ನು ಅಮೆರಿಕದ ಇಐಎ-310 ಮತ್ತು ಅಂತರರಾಷ್ಟ್ರೀಯ ಐಇಸಿ 60297 ಎಂಬ ಮಾನಕಗಳು ನಿಗದಿ ಮಾಡಿವೆ. 19 ಇಂಚಿನ ರ‍್ಯಾಕ್ ಸರ್ವರ್‌ಗಳಿಗಿಂತ ಎಷ್ಟೋ ಹಳೆಯದು, ಟೆಲಿಫೋನ್ ಎಕ್ಸ್‌ಚೇಂಜ್‌ಗಳ ಕಾಲದ್ದು. ಇಂದಿನ ಯಂತ್ರವನ್ನೂ ಇಂಚಿನಲ್ಲಿ ಅಳೆಯುವುದು ಆ ಕಾರಣಕ್ಕೇ.

ಯಂತ್ರದ ಮುಖಪಟ್ಟಿ ಖಾನೆಯಷ್ಟೇ ಎತ್ತರ ಇದ್ದರೆ ಪಕ್ಕದ್ದಕ್ಕೆ ಉಜ್ಜಿಕೊಂಡು ಹೊರಗೆ ಬರುವುದೇ ಇಲ್ಲ. ಅದಕ್ಕೆಂದೇ 1/32 ಇಂಚು, ಅಂದರೆ 0.79 ಮಿ.ಮೀ. ಕಡಿಮೆ ಇಡುತ್ತಾರೆ. ಯು ಸಂಖ್ಯೆಯನ್ನು 44.45ರಿಂದ ಗುಣಿಸಿ 0.79 ಕಳೆದರೆ ಮುಖಪಟ್ಟಿಯ ಗರಿಷ್ಠ ಎತ್ತರ ಸಿಗುತ್ತದೆ. 1ಯುಗೆ 43.66, 2ಯುಗೆ 88.11, 4ಯುಗೆ 177.01 ಮಿ.ಮೀ. ತಯಾರಕರು ಇನ್ನೂ ತುಸು ಕಡಿಮೆ ಇಡುವುದುಂಟು. ಡೆಲ್ ಆರ್740 ಸರ್ವರ್‌ನ ಎತ್ತರ 86.8 ಮಿ.ಮೀ., ಎಚ್‌ಪಿಇ ಡಿಎಲ್380 ಜೆನ್10 87.3 ಮಿ.ಮೀ. ಎರಡೂ 2ಯು ಯಂತ್ರಗಳೇ.

ಉಳಿದ ಕೂದಲೆಳೆ ಸಂದುಗಳನ್ನು ಕೂಡಿಸಿ ಇನ್ನೊಂದು ಯಂತ್ರ ತೂರಿಸಬಹುದೇ ಎಂದು ಕೆಲವರು ಯೋಚಿಸುತ್ತಾರೆ. 42 ಖಾನೆಯಲ್ಲೂ 1ಯು ಯಂತ್ರ ಇಟ್ಟರೆ ಕೂಡಿ ಬರುವುದು 33 ಮಿ.ಮೀ. ಅದೂ ಒಂದೇ ಕಡೆ ಸಿಗುವುದಿಲ್ಲ.

ಇನ್ನು ಕಪಾಟಿನ ಎತ್ತರ. ಖಾನೆಗಳ ಕೆಳಗೆ ಚಕ್ರ, ಕಾಲು, ತಳದ ಚೌಕಟ್ಟು ಇರುತ್ತವೆ, ಮೇಲೆ ಮುಚ್ಚಳ. ಎಪಿಸಿ ಕಂಪನಿಯ ನೆಟ್‌ಶೆಲ್ಟರ್ ಎಸ್‌ಎಕ್ಸ್ ಸರಣಿಯ 42ಯು ರ‍್ಯಾಕಿನ ಹೊರ ಎತ್ತರ 1991 ಮಿ.ಮೀ. ಖಾನೆಗಳದ್ದು 1866.9 ಹೋದರೆ 124 ಮಿ.ಮೀ. ತಳ ಮತ್ತು ತಲೆಗೆ. ಅದೇ ಸರಣಿಯ 48ಯು 2258 ಮಿ.ಮೀ., ಅಲ್ಲೂ ವ್ಯತ್ಯಾಸ ಅಷ್ಟೇ. ಬೇರೆ ಕಂಪನಿಯ ರ‍್ಯಾಕಿಗೆ ಈ 124 ಬದಲಾಗುತ್ತದೆ. ಆದ್ದರಿಂದ ಬಾಗಿಲು, ಲಿಫ್ಟ್ ನೋಡುವಾಗ ಯು ಲೆಕ್ಕ ಬಿಟ್ಟು ಡೇಟಾಶೀಟ್‌ನ ಹೊರ ಅಳತೆ ನೋಡಿ.

ಪ್ರಶ್ನೆ: ನಮ್ಮ ಆಫೀಸಿನ ರ‍್ಯಾಕಿನಲ್ಲಿ 1ಯು ಸ್ವಿಚ್ ಕೂರಿಸಿದೆವು. ಅದರ ಮೇಲೆ 2ಯು ಸರ್ವರ್‌ಗೆ ಬಿಟ್ಟಿದ್ದ ಜಾಗ ಸಾಲುತ್ತಿಲ್ಲ. ಸ್ವಿಚ್ ಕೆಳಗೆ ನೋಡಿದರೆ ಹೆಬ್ಬೆರಳು ಹೋಗುವಷ್ಟು, ಸುಮಾರು 16 ಮಿ.ಮೀ. ಸಂದು. ಕಿವಿಯ (ಕಂಬಕ್ಕೆ ಬಿಗಿಯುವ ಪಕ್ಕದ ಪಟ್ಟಿಯ) ಎರಡನೇ ಸ್ಕ್ರೂ ಎಷ್ಟು ಗುದ್ದಾಡಿದರೂ ಕೂಡಲಿಲ್ಲ ಅಂತ ಪ್ರತಿ ಬದಿಗೆ ಒಂದೊಂದೇ ಹಾಕಿ ಬಿಟ್ಟೇವಿ. – ಹಿಂಜವಡಿ, ಪುಣೆ

ಉತ್ತರ ನಿಮ್ಮ ಪತ್ರದಲ್ಲೇ ಇದೆ. ಸ್ವಿಚ್ ಒಂದು ತೂತು ಮೇಲೆ ಕೂತಿದೆ.

ರ‍್ಯಾಕಿನ ಕಂಬದಲ್ಲಿ ಒಂದು ಯುಗೆ ಮೂರು ತೂತು. ಅವು ಸಮ ಅಂತರದಲ್ಲಿ ಇರುವುದಿಲ್ಲ, ಎಡವಟ್ಟು ಆಗುವುದೇ ಇಲ್ಲಿ. ತೂತಿನ ನಡುವಿನಿಂದ ನಡುವಿಗೆ ಅಳೆದರೆ 15.875, 15.875, 12.7 ಮಿ.ಮೀ., ಮತ್ತೆ 15.875, 15.875, 12.7. ಇಂಚಿನಲ್ಲಿ ಐದೆಂಟಾಂಶ, ಐದೆಂಟಾಂಶ, ಅರ್ಧ. ಮೂರೂ ಕೂಡಿದರೆ ಒಂದೂಮುಕ್ಕಾಲು. ಒಂದು ಯು ಮುಗಿದು ಇನ್ನೊಂದು ಶುರುವಾಗುವ ಗಡಿ ಆ ಅರ್ಧ ಇಂಚಿನ ನಟ್ಟನಡುವೆ ಇದೆ. ಗಡಿಯಿಂದ ಮೇಲಕ್ಕೆ ಮೊದಲ ತೂತು 6.35 ಮಿ.ಮೀ.ಗೆ, ಎರಡನೆಯದು 22.225ಕ್ಕೆ, ಮೂರನೆಯದು 38.1ಕ್ಕೆ.

ಗಡಿ ಹುಡುಕಲು ಸ್ಕೇಲ್ ಕೂಡ ಬೇಕಿಲ್ಲ. ಚೌಕ ತೂತು 9.5 ಮಿ.ಮೀ. ಇರುತ್ತದೆ. ಒಂದೇ ಯು ಒಳಗಿನ ತೂತುಗಳ ನಡುವೆ 6.35 ಮಿ.ಮೀ. ಅಗಲದ ಕಬ್ಬಿಣ ಉಳಿಯುತ್ತದೆ, ಗಡಿಯಲ್ಲಿ ಅದರ ಅರ್ಧ, 3.2 ಮಾತ್ರ. ರ‍್ಯಾಕಿನ ಹಿಂದೆ ಕತ್ತಲಲ್ಲಿ ಬೆರಳಾಡಿಸಿದರೂ ಸಣ್ಣ ಪಟ್ಟಿ ಯಾವುದು ಎಂದು ತಿಳಿಯುತ್ತದೆ. ಆ ಸಣ್ಣ ಪಟ್ಟಿಯೇ ಗಡಿ.

1ಯು ಯಂತ್ರದ ಕಿವಿಯಲ್ಲಿ ಸಾಮಾನ್ಯವಾಗಿ ಎರಡು ಸ್ಲಾಟ್ (ಉದ್ದ ತೂತು) ಇರುತ್ತವೆ, ಅಂತರ 31.75 ಮಿ.ಮೀ. ಅದು ಒಂದೇ ಯುವಿನ ಮೊದಲ ಮತ್ತು ಮೂರನೇ ತೂತಿಗೆ ಮಾತ್ರ ಸರಿಹೋಗುತ್ತದೆ. ನೀವು ಕೆಳಗಿನ ಸ್ಕ್ರೂವನ್ನು ಎರಡನೇ ತೂತಿಗೆ ಹಾಕಿದ್ದೀರಿ. ಅಲ್ಲಿಂದ ಮೇಲಿನ ಯುವಿನ ಮೊದಲ ತೂತಿಗೆ 28.575 ಮಿ.ಮೀ. ಮಾತ್ರ. 3.2 ಮಿ.ಮೀ. ತಪ್ಪಿದ ಮೇಲೆ ಸ್ಕ್ರೂ ಕೂಡುವುದಾದರೂ ಹೇಗೆ? ಕಿವಿಯ ಸ್ಲಾಟ್ ಅಡ್ಡಕ್ಕೆ ಉದ್ದವಾಗಿರುತ್ತದೆ, ಎಡಬಲಕ್ಕೆ ಹೊಂದಿಸಬಹುದು, ಮೇಲೆ ಕೆಳಗೆ ಆಗದು. ಎರಡನೇ ಸ್ಕ್ರೂ ಒಪ್ಪದಿದ್ದರೆ ಬಲ ಹಾಕಬೇಡಿ, ಒಂದರಲ್ಲೇ ಸುಧಾರಿಸಲೂ ಬೇಡಿ. ತಪ್ಪು ಜಾಗ ಎಂದು ಯಂತ್ರವೇ ಹೇಳುತ್ತಿದೆ. ಹೀಗೆ ಎರಡು ಯುಗಳ ಮೇಲೆ ಕಾಲು ಹಾಕಿ ಕೂತ 1ಯು ಯಂತ್ರ ಎರಡನ್ನೂ ಕೆಡಿಸುತ್ತದೆ.

ಸರಿಪಡಿಸುವಾಗ ಒಬ್ಬರು ಸ್ವಿಚ್ಚನ್ನು ಕೆಳಗಿನಿಂದ ಹಿಡಿದಿರಲಿ, ಇನ್ನೊಬ್ಬರು ಸ್ಕ್ರೂ ಬಿಚ್ಚಿ. ಕೇಜ್ ನಟ್‌ಗಳನ್ನು (ಚೌಕ ತೂತಿಗೆ ಸಿಕ್ಕಿಸುವ, ರೆಕ್ಕೆಯಿರುವ ನಟ್) ತೆಗೆದು ಆಯ್ದ ಯುವಿನ ಮೊದಲ ಮತ್ತು ಮೂರನೇ ತೂತಿಗೆ, ಎಡಬಲ ಎರಡೂ ಕಂಬಕ್ಕೆ ಹಾಕಿ, ಒಟ್ಟು ನಾಲ್ಕು. ನಟ್‌ನ ರೆಕ್ಕೆಗಳು ಎಡ ಬಲಕ್ಕೆ ಕಚ್ಚಿರಬೇಕು. ಮೇಲೆ ಕೆಳಗೆ ಮಾಡಿದರೆ ಗಡಿಯ ಸಣ್ಣ ಪಟ್ಟಿಯಲ್ಲಿ ಪಕ್ಕದ ನಟ್‌ಗೆ ತಾಗಬಹುದು, ಜೊತೆಗೆ ಯಂತ್ರದ ಭಾರ ತೆಳು ರೆಕ್ಕೆಯ ಮೇಲೆ ಬೀಳುತ್ತದೆ. ಚಪ್ಪಟೆ ಸ್ಕ್ರೂಡ್ರೈವರ್‌ನಿಂದ ಮೀಟುವವರ ಹೆಬ್ಬೆರಳಿನ ಗಾಯ ನೋಡಿದರೆ ಕೇಜ್ ನಟ್ ಕೊಕ್ಕೆ ಕೊಳ್ಳುವುದು ಲಾಭ ಅನ್ನಿಸುತ್ತದೆ. ಕೆಳಗಿನ ಎರಡು ಸ್ಕ್ರೂ ಮೊದಲು ಸಡಿಲವಾಗಿ, ಆಮೇಲೆ ಮೇಲಿನವು, ನಾಲ್ಕೂ ಕೂತ ಮೇಲೆ ಬಿಗಿ. ನಮ್ಮಲ್ಲಿ ಹೆಚ್ಚಾಗಿ ಸಿಗುವುದು ಎಂ6 (6 ಮಿ.ಮೀ. ಸ್ಕ್ರೂ), ಆದರೆ ಎಂ5 ಮತ್ತು ಇಂಚಿನ ಥ್ರೆಡ್‌ನವೂ ಒಂದೇ ಡಬ್ಬಿಯಲ್ಲಿ ಬೆರೆತಿರುತ್ತವೆ. ಕೈಯಲ್ಲಿ ಮೂರು ಸುತ್ತು ಸಲೀಸಾಗಿ ತಿರುಗದ ಸ್ಕ್ರೂ ಆ ನಟ್‌ದಲ್ಲ.

ಸರ್ವರ್ ಜಾರಿ ಒಳಗೆ ಹೋಗುವ ರೈಲ್ ಹಾಕುವಾಗಲೂ ಇದೇ ಎಚ್ಚರ. ಮುಂದಿನ ಕಂಬದಲ್ಲಿ ಒಂದು ತೂತು, ಹಿಂದಿನ ಕಂಬದಲ್ಲಿ ಅದಕ್ಕಿಂತ ಮೇಲಿನದು ಆಯಿತೋ, ರೈಲ್ ಇಳಿಜಾರಾಗಿ ಸರ್ವರ್ ಅರ್ಧಕ್ಕೇ ಸಿಕ್ಕಿಕೊಳ್ಳುತ್ತದೆ. ನಾಲ್ಕು ಮೂಲೆಯಲ್ಲೂ ಕಂಬದ ಮೇಲಿನ ಯು ಸಂಖ್ಯೆ ಒಂದೇ ಇದೆಯೇ ಎಂದು ಓದಿ ನೋಡಿ. ಸಂಖ್ಯೆ ಅಚ್ಚಾಗಿಲ್ಲದ ರ‍್ಯಾಕಿಗೆ ಮಾರ್ಕರ್‌ನಲ್ಲಿ ಬರೆಯಿರಿ.

ಪ್ರಶ್ನೆ: ಭೋಸರಿ ಎಂಐಡಿಸಿಯಲ್ಲಿ ನಮ್ಮದು ಸಣ್ಣ ಫ್ಯಾಬ್ರಿಕೇಷನ್ ಶೆಡ್. 24ಯು ತೆರೆದ ರ‍್ಯಾಕ್ ಮಾಡಿಕೊಡಿ ಎಂದು ಗಿರಾಕಿ ಕೇಳಿದ್ದಾರೆ. 44 ಮಿ.ಮೀ. ಲೆಕ್ಕದಲ್ಲಿ ತೂತು ಕೊರೆದರೆ ನಡೆಯುವುದೇ? – ಪುಣೆ

ಖಂಡಿತ ನಡೆಯದು. 0.45 ಮಿ.ಮೀ. ಕಣ್ಣಿಗೆ ಕಾಣದು, ಆದರೆ ಅದು ಪ್ರತಿ ಖಾನೆಗೂ ಕೂಡುತ್ತಾ ಹೋಗುತ್ತದೆ. 24ಯು ಮೇಲೇರುವಷ್ಟರಲ್ಲಿ 10.8 ಮಿ.ಮೀ. ತಪ್ಪುತ್ತದೆ, ಅಂದರೆ ಒಂದು ಇಡೀ ತೂತಿನಷ್ಟು. 1ಯು ಪಟ್ಟಿಗಳು ಹೇಗೋ ಕೂರಬಹುದು, 4ಯು ಪೆಟ್ಟಿಗೆಯ ಮೇಲಿನ ಸ್ಕ್ರೂ ಹೋಗುವುದಿಲ್ಲ. 45 ಮಿ.ಮೀ. ಹಿಡಿದರೆ ತಪ್ಪು ಇನ್ನೊಂದು ದಿಕ್ಕಿಗೆ, 13.2 ಮಿ.ಮೀ.

ಒಂದು ತೂತಿನಿಂದ ಇನ್ನೊಂದಕ್ಕೆ ಅಳೆಯುವ ಪದ್ಧತಿಯನ್ನೇ ಬಿಡಿ. ಕಂಬದ ಕೆಳತುದಿಯಲ್ಲಿ ಒಂದು ಶೂನ್ಯ ಗೆರೆ ಎಳೆದು ಎಲ್ಲ ತೂತನ್ನೂ ಅಲ್ಲಿಂದಲೇ ಅಳೆಯಿರಿ. ಮೊದಲ ಯುಗೆ 6.35, 22.23, 38.10. ಎರಡನೆಯದಕ್ಕೆ ಪ್ರತಿಯೊಂದಕ್ಕೂ 44.45 ಸೇರಿಸಿ 50.80, 66.68, 82.55. ಇಪ್ಪತ್ತನಾಲ್ಕನೆಯ ಯು ಮುಗಿಯುವುದು 1066.8ಕ್ಕೆ, ಕೊನೆಯ ತೂತು 1060.45ಕ್ಕೆ ಬರಬೇಕು. ಟೇಪ್‌ನಲ್ಲಿ ಈ ಒಂದನ್ನು ಪರೀಕ್ಷಿಸಿದರೆ ತಪ್ಪು ಕೂಡುತ್ತಾ ಬಂದಿದೆಯೇ ಎಂದು ತಿಳಿಯುತ್ತದೆ. ಸಿಎನ್‌ಸಿ ಪಂಚಿಂಗ್ ಅಥವಾ ಲೇಸರ್ ಇರುವ ಪಕ್ಕದ ಶೆಡ್‌ಗೆ ಕಂಬ ಮಾತ್ರ ಕೊಟ್ಟು ಮಾಡಿಸಿ, ಬೆಸುಗೆ ನೀವು ಮಾಡಿ. ಇದು ನಮ್ಮ ಸಲಹೆ.

ಅಡ್ಡ ಅಳತೆ: ಎಡ ಬಲ ತೂತುಗಳ ನಡುವೆ 465.1 ಮಿ.ಮೀ., ಕಂಬಗಳ ನಡುವೆ ಬಯಲು ಕನಿಷ್ಠ 450, ಮುಖಪಟ್ಟಿಯ ಅಗಲ 482.6, ಅಂದರೆ ಹೆಸರಿನ 19 ಇಂಚು. ಬೆಸುಗೆಯ ಕಾವಿಗೆ ಕಂಬ ಒಳಕ್ಕೆ ಬಾಗಿ 450 ಇದ್ದದ್ದು 447 ಆಗಿಬಿಡುತ್ತದೆ. ಡಿಎಲ್380ರ ಒಡಲೇ 445.4 ಮಿ.ಮೀ. ಅಗಲ, ಪಕ್ಕಕ್ಕೆ ರೈಲ್ ಬೇರೆ. ಆದ್ದರಿಂದ 450 ಮಿ.ಮೀ.ಗೆ ಕತ್ತರಿಸಿದ ಅಡ್ಡಪಟ್ಟಿಯೊಂದನ್ನು ಮೇಲೆ, ನಡುವೆ, ಕೆಳಗೆ ಕೊಟ್ಟು ಬೆಸುಗೆ ಹಾಕಿ, ಆರಿದ ಮೇಲೆ ತೆಗೆಯಿರಿ. ಪೌಡರ್ ಕೋಟಿಂಗ್ ದಪ್ಪಗಾದರೆ ತೂತು ಕಿರಿದಾಗಿ ಕೇಜ್ ನಟ್ ಹತ್ತುವುದಿಲ್ಲ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಪ್ರಶ್ನೆ: ಭಾಂಡೂಪ್‌ನಲ್ಲಿ ನಮ್ಮ ಹೋಟೆಲು. ಕ್ಯಾಮೆರಾ ರೆಕಾರ್ಡರ್, 24 ಪೋರ್ಟಿನ ಪಿಒಇ (ನೆಟ್‌ವರ್ಕ್ ಕೇಬಲ್‌ನಲ್ಲೇ ಕರೆಂಟು ಕೊಡುವ) ಸ್ವಿಚ್, ಪ್ಯಾಚ್ ಪ್ಯಾನೆಲ್ (ಕೇಬಲ್‌ಗಳು ಬಂದು ಸೇರುವ ಪಟ್ಟಿ), ಇಂಟರ್ನೆಟ್ ರೂಟರ್ ಇಡಲು ಗೋಡೆಗೆ 6ಯು ಪೆಟ್ಟಿಗೆ ಸಾಕು ಎನ್ನುತ್ತಾರೆ ಅಂಗಡಿಯವರು. ಸರಿಯೇ? – ಹೋಟೆಲ್ ಮಾಲೀಕರು, ಮುಂಬಯಿ

ಕೂಡಿಸಿ ನೋಡೋಣ. ಪ್ಯಾಚ್ ಪ್ಯಾನೆಲ್ 1ಯು, ಅದರ ಕೆಳಗೆ ಕೇಬಲ್ ಮ್ಯಾನೇಜರ್ 1ಯು, ಸ್ವಿಚ್ 1ಯು, ಪವರ್ ಸಾಕೆಟ್ ಪಟ್ಟಿ 1ಯು. ರೆಕಾರ್ಡರ್‌ಗೆ ಕಿವಿ ಇರುವುದು ಅಪರೂಪ, ತಟ್ಟೆಯ ಮೇಲೆ ಕೂರಬೇಕು. ತಟ್ಟೆ 1ಯು, ಆದರೆ ಅದರ ಮೇಲಿನ ರೆಕಾರ್ಡರ್ 44 ಮಿ.ಮೀ. ದಾಟಿದರೆ ಮೇಲಿನ ಯುವಿನೊಳಕ್ಕೂ ತಲೆ ಹಾಕುತ್ತದೆ, ಆಗ ಒಟ್ಟು 2ಯು. ಅಲ್ಲಿಗೆ ಆರೂ ಮುಗಿಯಿತು. ರೂಟರ್‌ಗೆ ಜಾಗವಿಲ್ಲ, ನಾಳೆ ಎರಡನೇ ಸ್ವಿಚ್ ಬಂದರೆ ಅದಕ್ಕೂ ಇಲ್ಲ. 9ಯು ತೆಗೆದುಕೊಳ್ಳಿ. ಒಳ ಎತ್ತರ 267ರ ಬದಲು 400 ಮಿ.ಮೀ. ಸಿಗುತ್ತದೆ.

ಯು ಹೇಳದ ಅಳತೆಯೊಂದಿದೆ, ಆಳ. ಅಂಗಡಿಯವರು ಎತ್ತರವನ್ನಷ್ಟೇ ಕೇಳುತ್ತಾರೆ. ಸ್ವಿಚ್‌ನ ಆಳವನ್ನು ಅದರ ಡಬ್ಬಿಯಲ್ಲಿ ಓದಿ, ಹಿಂದೆ ಪ್ಲಗ್‌ಗೆ 75–100 ಮಿ.ಮೀ., ಮುಂದೆ ಕೇಬಲ್ ಬಾಗಲು 75 ಮಿ.ಮೀ. ಸೇರಿಸಿ. ಪೆಟ್ಟಿಗೆಯ ಹೊರ ಆಳ 450 ಎಂದರೆ ಒಳಗೆ ಬಳಸಲು ಸಿಗುವುದು ಅದಕ್ಕಿಂತ ಕಡಿಮೆ, ಏಕೆಂದರೆ ಮುಂದಿನ ಕಂಬ ಗಾಜಿನ ಬಾಗಿಲಿನಿಂದ ಒಳಕ್ಕೆ ಇರುತ್ತದೆ. ನಿಮಗೆ 550 ಅಥವಾ 600 ಆಳದ್ದು ಬೇಕಾಗುತ್ತದೆ. ನಿಜವಾದ ಸರ್ವರ್ ಮಾತ್ರ ಇಂಥ ಸಾಮಾನ್ಯ ಗೋಡೆ ಪೆಟ್ಟಿಗೆಗೆ ಹಿಡಿಸದು. ಡಿಎಲ್380 ಎತ್ತರದಲ್ಲಿ ಬರೀ 2ಯು, ಆಳದಲ್ಲಿ 680 ಮಿ.ಮೀ. ಹತ್ತಿರ.

ಇಟ್ಟಿಗೆ ಗೋಡೆಗೇ ಆ್ಯಂಕರ್ ಬೋಲ್ಟ್ ಹಾಕಿಸಿ, ಪ್ಲೈವುಡ್ ಪಾರ್ಟಿಷನ್‌ಗೆ ಬೇಡ. ಯುಪಿಎಸ್‌ನ ಬ್ಯಾಟರಿ ಭಾರ, ಅದು ನೆಲದ ಮೇಲಿರಲಿ. ಇನ್ನೊಂದು ಮಾತು ನಿಮಗೇ ಗೊತ್ತಿರುವುದು: ಅಡುಗೆಮನೆಯ ಗೋಡೆಗೆ ಬೇಡವೇ ಬೇಡ. ದೋಸೆ ಕಾವಲಿಯ ಎಣ್ಣೆ ಹೊಗೆ ಫ್ಯಾನಿನ ಮೂಲಕ ಒಳಗೆ ಹೋಗಿ ಧೂಳಿನ ಜೊತೆ ಅಂಟುಕಟ್ಟಿದರೆ ರೆಕಾರ್ಡರ್‌ನ ಹಾರ್ಡ್ ಡಿಸ್ಕ್ ಬಿಸಿಯೇರಿ ಬೇಗ ಹೋಗುತ್ತದೆ. ಕ್ಯಾಷ್ ಕೌಂಟರ್‌ನ ಹಿಂದಿನ ಗೋಡೆ ಒಳ್ಳೆಯದು.

ಪ್ರಶ್ನೆ: ಪ್ರತಿ ಸರ್ವರ್‌ನ ನಡುವೆ 1ಯು ಖಾಲಿ ಬಿಟ್ಟರೆ ತಂಪಾಗಿರುತ್ತದೆ ಎಂದು ನಮ್ಮ ಕಾರ್ಖಾನೆಗೆ ಬಂದ ಎ.ಸಿ. ಮೆಕ್ಯಾನಿಕ್ ಹೇಳಿದರು. ಹಾಗೇ ಮಾಡಿದೆವು, ಮೇಲಿನ ಸರ್ವರ್‌ಗಳು ಇನ್ನೂ ಬಿಸಿಯಾಗಿವೆ. – ವೆರ್ಣಾ, ಗೋವಾ

ಮನೆಯ ಟಿವಿ, ಸ್ಟೆಬಿಲೈಸರ್‌ಗೆ ಆ ಮಾತು ಸರಿ. ರ‍್ಯಾಕ್ ಸರ್ವರ್ ಮುಂದಿನಿಂದ ಗಾಳಿ ಎಳೆದು ಹಿಂದಕ್ಕೆ ಊದುತ್ತದೆ, ಮೇಲೆ ಕೆಳಗೆ ಜಾಗ ಅದಕ್ಕೆ ಬೇಕಿಲ್ಲ. ಖಾಲಿ ಬಿಟ್ಟ 1ಯು ಹಿಂದಿನ ಬಿಸಿ ಗಾಳಿ ಮುಂದಕ್ಕೆ ನುಸುಳುವ ಕಿಂಡಿಯಾಗುತ್ತದೆ. ಸರ್ವರ್ ತಾನು ಬಿಟ್ಟ ಉಸಿರನ್ನೇ ಮತ್ತೆ ಎಳೆದುಕೊಳ್ಳುತ್ತದೆ. ಮೇಲಿನವು ಹೆಚ್ಚು ಬಿಸಿಯಾಗಿವೆ ಎಂದರೆ ಬಿಸಿ ಗಾಳಿ ರ‍್ಯಾಕಿನ ನೆತ್ತಿಯ ಮೇಲಿನಿಂದಲೂ ಮುಂದಕ್ಕೆ ಬರುತ್ತಿರಬಹುದು.

ಸರ್ವರ್‌ಗಳನ್ನು ಒಂದರ ಮೇಲೊಂದು ಸೇರಿಸಿ ಇಡಿ, ಭಾರದ್ದು ಕೆಳಗೆ. ಉಳಿದ ಖಾಲಿ ಯುಗಳಿಗೆ ಬ್ಲ್ಯಾಂಕಿಂಗ್ ಪ್ಯಾನೆಲ್ (ಖಾನೆ ಮುಚ್ಚುವ ಪಟ್ಟಿ) ಹಾಕಿ. ಸ್ಕ್ರೂ ಬೇಡದ, ಒತ್ತಿದರೆ ಕೂರುವ ಪ್ಲಾಸ್ಟಿಕ್‌ನವು ಸಿಗುತ್ತವೆ. ಅರ್ಜೆಂಟಿಗೆ ರಟ್ಟು ಕತ್ತರಿಸಿ ಸಿಕ್ಕಿಸುವವರಿದ್ದಾರೆ, ಒಂದು ದಿನದ ಪರೀಕ್ಷೆಗೆ ಸರಿ, ಬೆಂಕಿಯ ದೃಷ್ಟಿಯಿಂದ ಹಾಗೇ ಬಿಡಬಾರದು. ಆಮೇಲೆ ಮುಂಭಾಗದಲ್ಲಿ ಕೆಳಗೆ, ನಡುವೆ, ಮೇಲೆ ಮೂರು ಕಡೆ ಥರ್ಮಾಮೀಟರ್ ಹಿಡಿಯಿರಿ. ಒಳಗೆ ಹೋಗುವ ಗಾಳಿಗೆ ಹವಾನಿಯಂತ್ರಣ ಎಂಜಿನಿಯರುಗಳ ಅಮೆರಿಕದ ಆ್ಯಶ್ರೇ ಸಂಸ್ಥೆ ಶಿಫಾರಸು ಮಾಡುವುದು 18ರಿಂದ 27 ಡಿಗ್ರಿ. ಮೂರರ ನಡುವೆ ದೊಡ್ಡ ವ್ಯತ್ಯಾಸ ಇದ್ದರೆ ಕಿಂಡಿ ಇನ್ನೂ ಎಲ್ಲೋ ಉಳಿದಿದೆ. ಪಕ್ಕದಿಂದ ಗಾಳಿ ಎಳೆಯುವ ಕೆಲವು ಸ್ವಿಚ್‌ಗಳಿಗೆ ಈ ಲೆಕ್ಕ ಬೇರೆ, ಅವುಗಳ ಕೈಪಿಡಿ ನೋಡಿ.

ಪ್ರಶ್ನೆ: 42ಯು ರ‍್ಯಾಕ್ ನಮ್ಮ ಮೊದಲ ಮಹಡಿಯ ಏಳಡಿ ಬಾಗಿಲಲ್ಲಿ ಹೋಗುತ್ತದೆಯೇ? – ವಾಸ್ಕೊ

ನಿಂತಂತೆ, ಪ್ಯಾಕಿಂಗ್ ಬಿಚ್ಚಿದ ಮೇಲೆ ಹೋಗುತ್ತದೆ. ಏಳಡಿ ಎಂದರೆ 2134 ಮಿ.ಮೀ., ರ‍್ಯಾಕ್ 2000ದ ಆಸುಪಾಸು. ಮರದ ಪ್ಯಾಲೆಟ್ ಮೇಲಿದ್ದರೆ ಸಿಕ್ಕಿಕೊಳ್ಳಬಹುದು. ಬಾಗಿಲಿಗೆ ಚೌಕಟ್ಟು, ಕ್ಲೋಸರ್ ಇದ್ದರೆ ಅವುಗಳ ಕೆಳಗಿನಿಂದ ಅಳೆಯಿರಿ.

ಮೆಟ್ಟಿಲಲ್ಲಿ ಮಲಗಿಸಿ ಹೊತ್ತು ತಂದು ಕೋಣೆಯಲ್ಲಿ ನಿಲ್ಲಿಸುವಾಗ ಇನ್ನೊಂದು ಫಜೀತಿ ಇದೆ. ಏಳುವಾಗ ರ‍್ಯಾಕಿನ ಮೂಲೆ ಅದರ ಎತ್ತರಕ್ಕಿಂತ ಮೇಲೆ ಹೋಗುತ್ತದೆ. 1991 ಎತ್ತರ, 1070 ಆಳದ ರ‍್ಯಾಕನ್ನು ಬೆನ್ನ ಮೇಲಿನಿಂದ ಎಬ್ಬಿಸಿದರೆ ಮೂಲೆ 2260 ಮಿ.ಮೀ. ತಲುಪುತ್ತದೆ. 600 ಅಗಲದ ಪಕ್ಕದ ಮೇಲಿನಿಂದ ಎಬ್ಬಿಸಿದರೆ 2080 ಮಾತ್ರ. ಫಾಲ್ಸ್ ಸೀಲಿಂಗ್ ಅಥವಾ ತೊಲೆ 2200ಕ್ಕೆ ಇದ್ದರೆ ಮೊದಲನೆಯದು ಆಗದು, ಎರಡನೆಯದು ಆಗುತ್ತದೆ. ಖಾಲಿ ರ‍್ಯಾಕೇ ನೂರು ಕಿಲೋ ಮೀರಬಹುದು. ಬಾಗಿಲು, ಪಕ್ಕದ ಹಾಳೆ ಬಿಚ್ಚಿ ಹಗುರ ಮಾಡಿ, ನಾಲ್ಕು ಜನ ಇರಿ. ಒಳಗೆ ಯಂತ್ರ ಇಟ್ಟುಕೊಂಡು ಮಲಗಿಸುವ ಸಾಹಸ ಬೇಡ.

ಚುಟುಕು ಉತ್ತರಗಳು

ರಬಾಳೆಯ ಓದುಗರಿಗೆ: ಬಾಡಿಗೆಗೆ 42ಯು ಪಡೆದರೂ 42 ಸರ್ವರ್ ತುಂಬಲಾಗುವುದು ಅಪರೂಪ. ಎತ್ತರಕ್ಕೆ ಮೊದಲು ಕರೆಂಟು ಮುಗಿಯುತ್ತದೆ. 230 ವೋಲ್ಟ್, 32 ಆಂಪಿಯರ್‌ನ ಒಂದು ಲೈನ್‌ನಲ್ಲಿ ಶೇಕಡ 80 ಬಳಸಿದರೆ 5,888 ವ್ಯಾಟ್. ತಲಾ 400 ವ್ಯಾಟ್‌ನ 1ಯು ಸರ್ವರ್ ಹದಿನಾಲ್ಕಕ್ಕೇ ನಿಲ್ಲಬೇಕು.

ಮುಲುಂಡ್‌ನವರಿಗೆ: 0ಯು ಎಂದರೆ ಖಾನೆ ತಿನ್ನದ್ದು. ಹಿಂದಿನ ಕಂಬದ ಪಕ್ಕ ಉದ್ದಕ್ಕೆ ನಿಲ್ಲುವ ಸಾಕೆಟ್ ಪಟ್ಟಿ.

ಮಡಗಾಂವ್‌ನವರಿಗೆ: ಎಣಿಕೆ ಸಾಮಾನ್ಯವಾಗಿ ಕೆಳಗಿನಿಂದ, ಆದರೆ ಮೇಲಿನಿಂದ ಎಣಿಸಿದ ರ‍್ಯಾಕ್‌ಗಳೂ ಇವೆ. ದೂರದಿಂದ ಫೋನಿನಲ್ಲಿ ‘ಹತ್ತನೆಯದನ್ನು ಆಫ್ ಮಾಡಿ’ ಎನ್ನುವ ಮುಂಚೆ ಇದನ್ನು ಕೇಳಿಕೊಳ್ಳಿ. 2ಯು ಸರ್ವರ್ 10 ಮತ್ತು 11ರಲ್ಲಿ ಇದ್ದರೆ ದಾಖಲೆಯಲ್ಲಿ ಎರಡನ್ನೂ ಬರೆಯಿರಿ.

ಕೋಥ್ರೂಡ್‌ನವರಿಗೆ: ಬ್ಲೇಡ್ ಸರ್ವರ್ (ಚಾಸಿ ಎಂಬ ದೊಡ್ಡ ಪೆಟ್ಟಿಗೆಯೊಳಗೆ ಸಾಲಾಗಿ ತೂರಿಸುವ ತೆಳು ಸರ್ವರ್)‌ನ ‘ಅರ್ಧ ಎತ್ತರ’ಕ್ಕೂ ಯುಗೂ ಸಂಬಂಧವಿಲ್ಲ. ಅದು ಚಾಸಿಯ ಅರ್ಧ. ಎಚ್‌ಪಿ ಸಿ7000 ಚಾಸಿ 10ಯು, ಅದರಲ್ಲಿ ಅರ್ಧ ಎತ್ತರದ 16 ಬ್ಲೇಡ್ ಹಿಡಿಸುತ್ತವೆ.

ಠಾಣೆಯವರಿಗೆ: ದೊಡ್ಡ ಡೇಟಾ ಸೆಂಟರ್‌ಗಳಿಗೆಂದು ಬಂದ ಬೇರೆಯೇ ಮಾನಕದ ಓಪನ್ ರ‍್ಯಾಕ್‌ನ ಒಂದು ಓಪನ್-ಯು 48 ಮಿ.ಮೀ., ಅಗಲವೂ 21 ಇಂಚು. ನಿಮ್ಮ ಹಳೆಯ ರೈಲ್‌ಗಳು ಅದಕ್ಕೆ ಹೊಂದುವುದಿಲ್ಲ.